ಪಾಯಿಂಟ್ ಟೂ ಟೂ ಕೋವಿಗೆ ಯಾವ ತೋಟೆ ಒಪ್ತದೆ ಅಂತ ನೋಡೋದು ಹೇಗೆ

ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂತು ಅಂದ್ರೆ ನಮ್ಮ ಕೊಡಗಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ಇದ್ದೇ ಇರ್ತದೆ, ಕಾಯಿ ತಪ್ಪಿದ್ರೆ ಕೈ ನಡುಗಿತು ಅಂತಾರೆ ಇಲ್ಲಾ ಗಾಳಿ ಅಂತಾರೆ, ತೋಟೆ ಮೇಲೆ ಯಾರಿಗೂ ಅನುಮಾನ ಬರಲ್ಲ. ನನಗೂ ಬಂದಿರ್ಲಿಲ್ಲ. ಹೋದ ವರ್ಷ ಹಿಂದಿನ ದಿನ ಬೇರೆ ಬಾಕ್ಸ್ ತಂದು ಮೂರು ಈಡೂ ಕಾಯಿ ಪಕ್ಕದಲ್ಲೇ ಹೋದ್ಮೇಲೆ ತಲೆ ಕೆಡಿಸ್ಕೊಂಡಿದ್ದು.

ವಿಷಯ ಇಷ್ಟು. ತೋಟೆಯಲ್ಲಿ ಗುಂಡು ಎಷ್ಟು ಆಳಕ್ಕೆ ಕೂತಿದೆ ಅನ್ನೋದ್ರ ಮೇಲೆ, ಅದು ನಳಿಗೆ ಒಳಗಿನ ರೈಫ್ಲಿಂಗ್, ಅಂದ್ರೆ ಗುಂಡನ್ನ ತಿರುಗಿಸೋ ಸುರುಳಿ ಗೆರೆಗಳನ್ನ, ಮುಟ್ಟೋಕೆ ಎಷ್ಟು ದೂರ ಹಾರ್ಬೇಕು ಅಂತ ತೀರ್ಮಾನ ಆಗೋದು. ಪ್ರತಿ ಸಲ ಅದೇ ದೂರ ಹಾರಿ ನೇರವಾಗಿ ಕಚ್ಕೊಂಡ್ರೆ ಈಡುಗಳು ಒಂದೇ ಕಡೆ ಬೀಳ್ತವೆ, ಒಂದು ಓರೆಯಾಗಿ ಕಚ್ಚಿ ಇನ್ನೊಂದು ನೇರ ಹೋದ್ರೆ ಚದುರ್ತವೆ. ಅಮೆರಿಕದಲ್ಲಿ ಸೆಂಟರ್‌ಫೈರ್ (ತೋಟೆ ತಳದ ಮಧ್ಯಕ್ಕೆ ಬಡಿದು ಸಿಡಿಸೋ) ರೈಫಲ್‌ಗೆ ಮನೇಲೇ ತೋಟೆ ತುಂಬೋರು ಈ ಆಳನ ಇಂಚಿನ ಸಾವಿರದಲ್ಲಿ ಕೆಲವು ಭಾಗದಷ್ಟು ಮಾತ್ರ ಹೆಚ್ಚು ಕಮ್ಮಿ ಮಾಡಿ ನೋಡ್ತಾರೆ, ಅದೂ ಗುಂಡಿನ ತುದಿಯಿಂದ ಅಳೆಯಲ್ಲ, ತುದಿ ಒಂದೊಂದರದ್ದು ಒಂದೊಂಥರ ಇರ್ತದೆ, ರೈಫ್ಲಿಂಗ್‌ಗೆ ತಾಗೋ ಆ ಉಬ್ಬಿನಿಂದ ಅಳೀತಾರೆ.

ನಮ್ಮ ಪಾಯಿಂಟ್ ಟೂ ಟೂ ರಿಮ್‌ಫೈರ್, ಅಂದ್ರೆ ತೋಟೆ ತಳದ ಅಂಚಿಗೆ ಬಡಿದು ಸಿಡಿಸೋದು, ಖಾಲಿ ತೋಟೆನ ಮತ್ತೆ ತುಂಬೋ ಹಾಗಿಲ್ಲ, ಕಾರ್ಖಾನೆಯವರು ಕೂರ್ಸಿದ್ದೇ ಆಳ. ದಯವಿಟ್ಟು ಯಾರೂ ಗುಂಡನ್ನ ಕೈಯಿಂದ ಒತ್ತೋಕೆ ಎಳೆಯೋಕೆ ಹೋಗ್ಬೇಡಿ, ಒಳಗೆ ತಳ್ಳಿದ್ರೆ ಜಾಗ ಕಮ್ಮಿಯಾಗಿ ಒತ್ತಡ ಏರ್ತದೆ, ಅಪಾಯ. ನಮ್ಮ ಕೈಲಿರೋದು ಆರಿಸ್ಕೊಳ್ಳೋದು ಒಂದೇ.

ಲೈಸೆನ್ಸ್ ಕೋಟಾದೊಳಗೆ ಎರಡು ಮೂರು ಬ್ರ್ಯಾಂಡ್ ತನ್ನಿ, ಬಾಕ್ಸ್ ಮೇಲಿನ ಲಾಟ್ ನಂಬರ್ (ಒಂದೇ ಸಲ ತಯಾರಾದ ಕಂತಿನ ನಂಬರ್) ಬರ್ದಿಟ್ಕೊಳ್ಳಿ, ಯಾಕಂದ್ರೆ ಅದೇ ಬ್ರ್ಯಾಂಡಿನ ಬೇರೆ ಲಾಟ್ ಬೇರೆ ಥರ ಹೋಗೋದುಂಟು. ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರೋ ರೇಂಜಲ್ಲಿ 50 ಮೀಟರಿಗೆ ಪೇಪರ್ ಕಟ್ಟಿ, ಕೋವಿನ ಮರಳಿನ ಚೀಲದ ಮೇಲೆ ಇಟ್ಟು ಹೊಡೀರಿ, ಕೈ ಮೇಲೆ ಹೊಡೆದ್ರೆ ತೋಟೆ ತಪ್ಪಾ ನಿಮ್ಮ ತಪ್ಪಾ ಗೊತ್ತಾಗಲ್ಲ. ಬ್ರ್ಯಾಂಡ್ ಬದಲಾಯಿಸ್ದಾಗ ಮೊದಲ ಹತ್ತು ಈಡು ಲೆಕ್ಕಕ್ಕೆ ಬೇಡ, ಹಳೆ ತೋಟೆಯ ಗುಂಡಿಗೆ ಹಚ್ಚಿದ್ದ ಮೇಣ ನಳಿಗೇಲಿ ಉಳಿದಿರ್ತದೆ. ಆಮೇಲೆ ಐದೈದರ ಮೂರು ಗುಂಪು. ತುಂಬ ಚೆನ್ನಾಗಿ ಬಂದ ಒಂದು ಗುಂಪು ನೋಡಿ ಮನಸ್ಸು ಸೋಲ್ಬೇಡಿ, ಮೂರನ್ನೂ ಅಳೆದು ನೋಡಿ. ರಂಧ್ರಗಳು ಮೇಲೆ ಕೆಳಗೆ ಉದ್ದಕ್ಕೆ ಚದುರಿದ್ರೆ ಈಡಿಂದ ಈಡಿಗೆ ವೇಗ ವ್ಯತ್ಯಾಸ ಇರಬಹುದು, ಅಡ್ಡ ಚದುರಿದ್ರೆ ಮೊದಲು ಗಾಳಿ ನೋಡಿ. ಟ್ರಿಗರ್ ಎಳೆದ್ರೂ ಸಿಡೀದ ತೋಟೆ ಸಿಕ್ರೆ ನಳಿಗೆ ಗುರಿ ಕಡೆಗೇ ಇರ್ಲಿ, ಅರ್ಧ ನಿಮಿಷ ಕಾದು ಬೋಲ್ಟ್ ತೆಗೀರಿ.

ನನ್ನ ಕೋವಿಗೆ ಹೈ ವೆಲಾಸಿಟಿಗಿಂತ ನಿಧಾನದ ಸ್ಟ್ಯಾಂಡರ್ಡ್ ತೋಟೆನೇ ಒಪ್ಪಿತು, ನಿಮ್ಮದಕ್ಕೆ ಬೇರೇನೇ ಒಪ್ಪಬಹುದು. ಒಪ್ಪಿದ ಲಾಟಲ್ಲೇ ಸೈಟ್ ಮತ್ತೆ ಹೊಂದಿಸಿ, ಉಳಿದ ಬಾಕ್ಸ್‌ನ ಮಳೆಗಾಲದ ತೇವ ತಾಗದ ಹಾಗೆ ಬಿಗಿ ಮುಚ್ಚಳದ ಡಬ್ಬಿಲಿ ಬೀಗ ಹಾಕಿಡಿ, ಸ್ಪರ್ಧೆ ದಿನಕ್ಕೂ ಅದೇ ಬಾಕ್ಸ್ ತಗೊಂಡು ಹೋಗಿ.