ಹೊಸ ಗ್ಯಾರೇಜ್ ಬಾಗಿಲು: ಮೊದಲು ತಲೆಯೆತ್ತಿ ನೋಡಿ

ಗ್ಯಾರೇಜ್ ಬಾಗಿಲು ಬದಲಾಯಿಸೋಣ ಅಂದ ತಕ್ಷಣ ಮನೆಯಲ್ಲಿ ಬಣ್ಣದ ಚರ್ಚೆ ಶುರುವಾಯಿತು. ಬಿಳಿಯೋ, ಮರದ ಬಣ್ಣವೋ, ಗಾಜಿನ ಕಿಟಕಿ ಬೇಕೋ ಬೇಡವೋ. ಅವರ ಪಾಡಿಗೆ ಅವರನ್ನು ಬಿಟ್ಟು ನಾನು ಟೇಪು ಹಿಡಿದು ಏಣಿ ಹತ್ತಿದೆ. ಮುಚ್ಚಿದಾಗ ಬಾಗಿಲು ಗೋಡೆಯಲ್ಲಿರುತ್ತದೆ, ನಿಜ. ತೆರೆದಾಗ ಅದು ಹೋಗಿ ಮಲಗುವುದು ಛಾವಣಿಯ ಕೆಳಗೆ. ಅಲ್ಲಿ ಜಾಗವಿಲ್ಲ ಅಂದರೆ ಬಣ್ಣ ಆರಿಸಿ ಏನು ಮಾಡುವುದು?

ನಮ್ಮ ಹಳೆಯದು ಒಂದೇ ಹಲಗೆಯ ಬಾಗಿಲು. ಎತ್ತುವಾಗ ಕೆಳಗಿನ ಅಂಚು ಹೊರಗೆ ಚಾಚುತ್ತಿತ್ತು. ಕಾರು ಸ್ವಲ್ಪ ಹತ್ತಿರ ನಿಂತಿದ್ದರೂ ತೆರೆಯುವ ಹಾಗಿರಲಿಲ್ಲ. ರೋಲಿಂಗ್ ಶಟರ್ ಹಾಕಿಸೋಣ ಅನ್ನಿಸಿತ್ತು. ಅದು ಸುರುಳಿ ಸುತ್ತಿಕೊಳ್ಳುವುದರಿಂದ ಛಾವಣಿ ಪೂರ್ತಿ ಖಾಲಿ ಉಳಿಯುತ್ತದೆ. ಆದರೆ ಗ್ಯಾರೇಜಿನ ಪಕ್ಕದಲ್ಲೇ ಮಲಗುವ ಕೋಣೆ ಇದೆ. ಬಿಸಿಲು, ಚಳಿ, ಸದ್ದು ಮೂರನ್ನೂ ತಡೆಯುವ ದಪ್ಪ ಪ್ಯಾನೆಲ್ ಬೇಕಿತ್ತು. ಹಾಗಾಗಿ ಅಡ್ಡ ಪ್ಯಾನೆಲ್‌ಗಳು ಕೀಲಿನಿಂದ ಸೇರಿಕೊಂಡು, ಟ್ರ್ಯಾಕ್ ಹಿಡಿದು ಮೇಲೆ ಹೋಗುವ ಸೆಕ್ಷನಲ್ ಬಾಗಿಲಿಗೇ ಮನಸ್ಸು ಮಾಡಿದೆ.

ಅಗಲ, ಎತ್ತರ ಅಳೆಯುವುದು ಸುಲಭದ ಕೆಲಸ. ಅಗಲವನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆಯಬೇಕು. ಎತ್ತರವನ್ನು ಎರಡೂ ಪಕ್ಕದಲ್ಲಿ. ಆಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಟೇಪು ಎಳೆಯಬೇಕು. ಎರಡೂ ಓರೆ ಅಳತೆ ಒಂದೇ ಬಂದರೆ ಚೌಕಟ್ಟು ಸರಿಯಾಗಿದೆ ಎಂದು ಅರ್ಥ. ನಮ್ಮದರಲ್ಲಿ ಸ್ವಲ್ಪ ವ್ಯತ್ಯಾಸ ಇತ್ತು. ಸೆಕ್ಷನಲ್ ಬಾಗಿಲು ಗೋಡೆಯ ಹಿಂದೆ ಕೂರುವುದರಿಂದ ಸಣ್ಣಪುಟ್ಟ ಓರೆಯನ್ನು ಸುತ್ತಲಿನ ಪಟ್ಟಿ ಮುಚ್ಚಿಬಿಡುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ನಿಜವಾದ ಲೆಕ್ಕ ಇರುವುದು ಬಾಗಿಲಿನ ಸುತ್ತಲಿನ ಖಾಲಿ ಜಾಗದಲ್ಲಿ. ಬಾಗಿಲಿನ ನೆತ್ತಿಯಿಂದ ಛಾವಣಿಯವರೆಗೆ ಸಾಮಾನ್ಯ ಟ್ರ್ಯಾಕ್‌ಗೆ ಸುಮಾರು 12 ಇಂಚು ಬೇಕು. ಮೋಟಾರು ಹಾಕಿಸುವುದಾದರೆ ಇನ್ನೊಂದು 3 ಇಂಚು ಸೇರಿಸಿಕೊಳ್ಳಿ. ಛಾವಣಿವರೆಗೆ ಅಂದರೆ ಛಾವಣಿವರೆಗೇ ಅಲ್ಲ, ಅಲ್ಲಿ ಎಲ್ಲಕ್ಕಿಂತ ಕೆಳಗೆ ಇಳಿದಿರುವ ವಸ್ತುವಿನವರೆಗೆ. ನಮ್ಮಲ್ಲಿ ಜಾಗ ಧಾರಾಳವಾಗಿದೆ ಅನ್ನಿಸುತ್ತಿತ್ತು. ಆದರೆ ನಡುವೆ ಒಂದು ತೊಲೆ ಅಡ್ಡ ಹೋಗಿದೆ. ಅದರ ಅಡಿಯಿಂದ ಅಳೆದರೆ 10 ಇಂಚಿನ ಆಸುಪಾಸು. ಇದಕ್ಕೂ ದಾರಿ ಇದೆ. ಕಡಿಮೆ ಎತ್ತರಕ್ಕೆಂದೇ ಎರಡು ಸಾಲಿನ ಟ್ರ್ಯಾಕ್ ಬರುತ್ತದೆ. ಬಿಡಿಭಾಗ ಜಾಸ್ತಿ, ಕೂರಿಸುವ ಕೆಲಸವೂ ಜಾಸ್ತಿ. ಹಾಗಾಗಿ ಆರ್ಡರ್ ಕೊಡುವ ಮೊದಲೇ ಹೇಳಬೇಕು. ಬಾಗಿಲು ಬಂದು ಇಳಿದ ದಿನ ಹೇಳಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಎರಡೂ ಪಕ್ಕದಲ್ಲಿ ಟ್ರ್ಯಾಕ್ ನಿಲ್ಲಲು ಸುಮಾರು 4 ಇಂಚು ಬಿಡಬೇಕು. ಎಡಗಡೆ ಒಂದು ನೀರಿನ ಪೈಪು ಸರಿಯಾಗಿ ಅಲ್ಲೇ ಇಳಿದಿತ್ತು, ಪ್ಲಂಬರ್ ಬಂದು ಸರಿಸಿಕೊಟ್ಟರು. ಒಳಗಿನ ಉದ್ದ ಬಾಗಿಲಿನ ಎತ್ತರಕ್ಕಿಂತ ಒಂದೂವರೆ ಅಡಿಯಾದರೂ ಹೆಚ್ಚಿರಬೇಕು. 7 ಅಡಿ ಬಾಗಿಲಿಗೆ ಮೋಟಾರು, ಅದರ ಕಂಬಿ ಎಲ್ಲ ಸೇರಿ ಸುಮಾರು 10 ಅಡಿ ಹಿಡಿಯುತ್ತದೆ.

ಒಂದು ಪರೀಕ್ಷೆ ಮಾತ್ರ ಯಾರೂ ಹೇಳದಿದ್ದರೂ ಮಾಡಿ. ಕಾರನ್ನು ದಿನಾ ನಿಲ್ಲಿಸುವ ಜಾಗದಲ್ಲೇ ನಿಲ್ಲಿಸಿ ಡಿಕ್ಕಿ ಪೂರ್ತಿ ಎತ್ತಿ. ತೆರೆದ ಬಾಗಿಲು ಹೆಚ್ಚುಕಡಿಮೆ ಚೌಕಟ್ಟಿನ ಮೇಲಂಚಿನ ಮಟ್ಟದಲ್ಲೇ ಮಲಗಿರುತ್ತದೆ. ಆ ಮಟ್ಟಕ್ಕೆ ಈ ಗೋಡೆಯಿಂದ ಆ ಗೋಡೆಗೆ ಒಂದು ದಾರ ಕಟ್ಟಿದೆ. ಡಿಕ್ಕಿ ಎತ್ತಿದರೆ ಅದರ ತುದಿ ದಾರವನ್ನು ಮೇಲಕ್ಕೆ ತಳ್ಳುತ್ತಿತ್ತು! ಕಾರನ್ನು ಇನ್ನಷ್ಟು ಒಳಗೆ ನಿಲ್ಲಿಸಬೇಕು ಅಂತ ಅಲ್ಲೇ ತೀರ್ಮಾನವಾಯಿತು. ಅಲ್ಲಿದ್ದ ಕಬ್ಬಿಣದ ಕಪಾಟು ಪಕ್ಕದ ಗೋಡೆಗೆ ಹೋಯಿತು. ದಾರ ಇನ್ನೊಂದು ಸಂಗತಿಯನ್ನೂ ತೋರಿಸಿತು. ಇದ್ದ ಒಂದೇ ಟ್ಯೂಬ್‌ಲೈಟ್ ದಾರದ ಮೇಲ್ಗಡೆ ಇತ್ತು. ಅಂದರೆ ಬಾಗಿಲು ತೆರೆದಾಗಲೆಲ್ಲ ಗ್ಯಾರೇಜ್ ಕತ್ತಲು. ಎಲೆಕ್ಟ್ರಿಷಿಯನ್ ಹೇಗೂ ಮೋಟಾರಿಗೆ ಛಾವಣಿಯಲ್ಲಿ ಸಾಕೆಟ್ ಕೂರಿಸಲು ಬರುವವರಿದ್ದರು. ಲೈಟನ್ನೂ ಪಕ್ಕದ ಗೋಡೆಗೆ ಹಾಕಿಸಿದೆ. ಗೋಡೆಯ ಸ್ವಿಚ್ಚನ್ನು ಮಕ್ಕಳ ಕೈಗೆ ಸಿಗದಂತೆ 5 ಅಡಿ ಎತ್ತರಕ್ಕೆ ಇಡಿಸಿದೆ. ಮೋಟಾರಿಗೆ ಎಕ್ಸ್‌ಟೆನ್ಷನ್ ವೈರು ಎಳೆಯುವ ಯೋಚನೆ ಮಾತ್ರ ಬೇಡ.

ಸ್ಪ್ರಿಂಗ್ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಾಗಿಲನ್ನು ಎತ್ತುವುದು ಮೋಟಾರು ಅಂತ ನಾವಂದುಕೊಳ್ಳುತ್ತೇವೆ. ನಿಜವಾಗಿ ಭಾರ ಹೊರುವುದು ನೆತ್ತಿಯ ಮೇಲಿನ ಸರಳಿಗೆ ಸುತ್ತಿದ ಸ್ಪ್ರಿಂಗ್. ಮೋಟಾರು ಬರೀ ತಳ್ಳುತ್ತದೆ, ಎಳೆಯುತ್ತದೆ. ಆ ಸ್ಪ್ರಿಂಗನ್ನು ಬಾಗಿಲಿನ ತೂಕ ನೋಡಿಯೇ ಆರಿಸುತ್ತಾರೆ. ಹಾಗಾಗಿ ಗಾಜು ಬೇಕೇ, ಒಳಗೆ ಫೋಮ್ ತುಂಬಿದ ಪ್ಯಾನೆಲ್ ಬೇಕೇ ಅನ್ನುವುದು ಮೊದಲೇ ಇತ್ಯರ್ಥವಾಗಬೇಕು. ಆಮೇಲೆ ಸೇರಿಸಿದರೆ ತೂಕ ಬದಲಾಗುತ್ತದೆ, ಸ್ಪ್ರಿಂಗೂ ಬದಲಾಗಬೇಕು. ಮನೆಯವರ ಗಾಜಿನ ಚರ್ಚೆಗೆ ಇಲ್ಲಿ ಬೆಲೆ ಬಂತು. ಮೇಲಿನ ಸಾಲಿಗೆ ಮಾತ್ರ ಗಾಜು ಅಂತ ಒಪ್ಪಿದೆವು.

ಸಾಮಾನ್ಯ ಸ್ಪ್ರಿಂಗ್‌ಗೆ 10,000 ಸಲದ ಆಯುಷ್ಯ ಹೇಳುತ್ತಾರೆ. ಒಮ್ಮೆ ತೆರೆದು ಮುಚ್ಚಿದರೆ ಒಂದು ಲೆಕ್ಕ. ದಿನಕ್ಕೆ ನಾಲ್ಕು ಸಲ ಅಂದರೆ ಏಳು ವರ್ಷವೂ ತುಂಬುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರ ಓಡಾಟವೂ ಅದೇ ಬಾಗಿಲಿನಿಂದ. ಅದಕ್ಕೇ ಹೆಚ್ಚು ಬಾಳುವ ಸ್ಪ್ರಿಂಗ್ ಕೇಳಿದೆ.

ಮನೆಯ ರಿಪೇರಿ ಕೆಲಸ ನಾನೇ ಮಾಡಿಕೊಳ್ಳುವವನು. ಆದರೂ ಸ್ಪ್ರಿಂಗ್ ಸುತ್ತುವುದಕ್ಕಾಗಲಿ, ಹಳೆಯದನ್ನು ಬಿಚ್ಚುವುದಕ್ಕಾಗಲಿ ಕೈ ಹಾಕಲಿಲ್ಲ. ಬಿಗಿದ ಸ್ಪ್ರಿಂಗ್ ಕೈಜಾರಿದರೆ ಕೈ ಮುರಿಯುವಷ್ಟು ಬಲ ಅದರಲ್ಲಿರುತ್ತದೆ. ಬಾಗಿಲಿನ ಕೆಳಮೂಲೆಗೆ ತಂತಿಹಗ್ಗ ಕಟ್ಟಿರುವ ಬ್ರಾಕೆಟ್ ಕೂಡ ಅಷ್ಟೇ. ಅಲ್ಲಿನ ಬೋಲ್ಟ್ ಮುಟ್ಟಲೇಬಾರದು.

ಬದಲಿಗೆ ಬಾಗಿಲು ಕೂರಿಸುವವರು ಬರುವ ಮೊದಲು ಚೌಕಟ್ಟು ನೋಡಿಕೊಂಡೆ. ಸ್ಪ್ರಿಂಗಿನ ಸರಳನ್ನು ಹಿಡಿಯುವ ತಗಡು ನೆತ್ತಿಯ ನಡುವಿಗೆ ಬರುತ್ತದೆ. ಎಳೆತವೆಲ್ಲ ಅಲ್ಲೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದೆ. ನಡುವಿನಲ್ಲಿ ಗಟ್ಟಿ ಸದ್ದು, ಎಡ ಕೆಳತುದಿಯಲ್ಲಿ ಟೊಳ್ಳು. ಸ್ಕ್ರೂಡ್ರೈವರ್ ಚುಚ್ಚಿದರೆ ಮರ ಬ್ರೆಡ್ಡಿನ ಹಾಗೆ ಒಳಗೆ ಬಿಟ್ಟುಕೊಂಡಿತು. ಮಳೆನೀರು ಸಿಡಿದೂ ಸಿಡಿದೂ ಕೊಳೆತಿತ್ತು. ಬಡಗಿಯಿಂದ ಆ ಕಡೆಯ ಕಂಬ ಬದಲಾಯಿಸಿ, ಹೊಸ ಮರಕ್ಕೆ ಬಣ್ಣವನ್ನೂ ಬಳಿಸಿದೆ. ಟ್ರ್ಯಾಕ್ ಬಂದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ನೆಲಕ್ಕೆ ರಸಮಟ್ಟ ಇಟ್ಟಾಗ ನಡುವೆ ಒಂದು ತಗ್ಗು ಕಂಡಿತು. ಬಾಗಿಲಿನಡಿಯ ರಬ್ಬರ್ ಸಣ್ಣ ತಗ್ಗನ್ನು ಮುಚ್ಚುತ್ತದೆ, ಅಷ್ಟು ದೊಡ್ಡದನ್ನಲ್ಲ. ಗಾರೆಯವರು ಅದನ್ನು ತುಂಬಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಟ್ಟರು.

ಕೆಲಸದ ಹಿಂದಿನ ರಾತ್ರಿ ಕಾರು, ಬೈಕು, ಸೈಕಲ್ಲು ಎಲ್ಲ ಹೊರಗೆ. ಬೆಳಿಗ್ಗೆ ನೆನಪಾದರೆ ತಡ. ಬಾಗಿಲು ಬಿಚ್ಚಲು ಶುರುವಾದ ಮೇಲೆ ಒಳಗಿನ ಗಾಡಿ ಒಳಗೇ. ಹಳೆ ಬಾಗಿಲನ್ನು ಯಾರು ಒಯ್ಯುತ್ತಾರೆ ಅನ್ನುವುದನ್ನೂ ಮೊದಲೇ ಬರೆಸಿಕೊಂಡಿದ್ದೆ.

ಬಾಗಿಲು ಕೂರಿಸಿದವರು ಸಾಮಾನು ಕಟ್ಟುವ ಮೊದಲು ನಿಂತು ಪರೀಕ್ಷಿಸಿದೆ. ಮೋಟಾರಿನ ಕೊಂಡಿ ಬಿಡಿಸಿ ಬಾಗಿಲನ್ನು ಕೈಯಲ್ಲಿ ಅರ್ಧಕ್ಕೆ ಎತ್ತಿಸಿದೆ. ಏರಲೂ ಇಲ್ಲ, ಇಳಿಯಲೂ ಇಲ್ಲ, ಅಲ್ಲೇ ನಿಂತಿತು. ಸ್ಪ್ರಿಂಗ್ ತೂಕಕ್ಕೆ ಸರಿಯಾಗಿದೆ ಅನ್ನುವುದಕ್ಕೆ ಇದಕ್ಕಿಂತ ಗುರುತು ಬೇಡ. ಆಮೇಲೆ ನೆಲದ ಮೇಲೆ ಒಂದು ಮರದ ತುಂಡು ಅಡ್ಡ ಮಲಗಿಸಿ ಮೋಟಾರಿನಿಂದ ಬಾಗಿಲು ಇಳಿಸಿದರು. ತಾಗಿದ ಕೂಡಲೇ ವಾಪಸ್ ಮೇಲೆ ಹೋಯಿತು. ನೆಲದಿಂದ 6 ಇಂಚಿನೊಳಗೆ ಎರಡೂ ಪಕ್ಕ ಸೆನ್ಸರ್ ಇರುತ್ತವೆ. ಬಾಗಿಲು ಇಳಿಯುವಾಗ ಪೊರಕೆ ಅಡ್ಡ ಹಿಡಿದೆ, ಅದಕ್ಕೂ ತಿರುಗಿತು. ಬೆಳಕನ್ನು ಹಿಡಿಯುವ ಸೆನ್ಸರ್ ಮೇಲೆ ನೇರ ಬಿಸಿಲು ಬಿದ್ದರೆ ಸುಮ್ನೆ ತೊಂದರೆ. ಅದಕ್ಕೆ ಅದನ್ನು ನೆರಳಿನ ಕಡೆಗೆ ಹಾಕಿಸಿದ್ದೆ.

ನಿಮ್ಮ ಗ್ಯಾರೇಜಿಗೆ ಬೇರೆ ಬಾಗಿಲೇ ಇಲ್ಲದಿದ್ದರೆ ಇನ್ನೊಂದು ಕೆಲಸ ಇದೆ. ಕರೆಂಟು ಹೋದಾಗ ಮೋಟಾರಿನ ಕೊಂಡಿ ಬಿಡಿಸುವ ಕೆಂಪು ಹಗ್ಗ ಇರುವುದು ಒಳಗೆ. ಹೊರಗಿನಿಂದಲೂ ಅದನ್ನು ಬಿಡಿಸುವಂಥ ಬೀಗವನ್ನು ಆರ್ಡರ್ ಕೊಡುವಾಗಲೇ ಸೇರಿಸಿ. ಅದರ ಕೀಲಿಯನ್ನು ಗ್ಯಾರೇಜಿನ ಒಳಗೆ ಮಾತ್ರ ಇಡಬೇಡಿ.