ಗೆಲುವಿನ ಅಂತರ ಹಿಡಿಯಲು ಕಲಿತದ್ದು

ಅಮೆರಿಕದ ಗವರ್ನರ್ ಎಂದರೆ ನಮ್ಮ ರಾಜಭವನದ ರಾಜ್ಯಪಾಲರಲ್ಲ. ಜನರೇ ನೇರವಾಗಿ ಆರಿಸುವ ಮುಖ್ಯಮಂತ್ರಿ ಎಂದುಕೊಳ್ಳಿ. ಆ ಚುನಾವಣೆಗಳಲ್ಲಿ ಗೆಲುವಿನ ಅಂತರವನ್ನು ಮೊದಲೇ ಲೆಕ್ಕ ಹಾಕುವುದು ನನ್ನ ಹಲವು ವರ್ಷಗಳ ಹವ್ಯಾಸ. ಏಕಪಕ್ಷೀಯ ಸ್ಪರ್ಧೆಗಳು ಸುಲಭ ಎಂದು ನಂಬಿದ್ದೆ. 2022ರ ವರ್ಮಾಂಟ್ ಆ ನಂಬಿಕೆಯನ್ನು ಕಿತ್ತುಹಾಕಿತು.

ಅಲ್ಲಿ ರಿಪಬ್ಲಿಕನ್ ಪಕ್ಷದ ಫಿಲ್ ಸ್ಕಾಟ್ ಗೆಲ್ಲುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಾನು ಬರೆದಿಟ್ಟ ಅಂತರ, ಅಂದರೆ ಮೊದಲ ಇಬ್ಬರ ಶೇಕಡಾವಾರು ಮತಗಳ ವ್ಯತ್ಯಾಸ, 30 ಅಂಶಗಳು. ಅವರು ಶೇ 73ಕ್ಕೂ ಹೆಚ್ಚು ಮತ ಪಡೆದು ಸುಮಾರು 49 ಅಂಶಗಳಿಂದ ಗೆದ್ದರು.

ತಪ್ಪು ಎಲ್ಲಿ ನುಸುಳಿತೆಂದು ಒಂದು ವಾರ ಹುಡುಕಿದೆ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಬೈಡನ್ ಅದೇ ರಾಜ್ಯದಲ್ಲಿ ಶೇ 66 ಮತ ಗಳಿಸಿದ್ದರಿಂದ, ಡೆಮಾಕ್ರಟಿಕ್ ಮತದಾರರು ಕೊನೆಗೆ ತಮ್ಮ ಪಕ್ಷವನ್ನೇ ಹಿಡಿಯುತ್ತಾರೆ ಎಂದು ಸ್ಕಾಟ್ ಅಂತರವನ್ನು ತಗ್ಗಿಸಿದ್ದೆ. ಆದರೆ ಬೈಡನ್ ಗೆದ್ದ ಅದೇ ದಿನ ಅದೇ ಜನ ಸ್ಕಾಟ್ ಅವರಿಗೂ ಶೇ 68 ಮತ ಕೊಟ್ಟಿದ್ದರು! ಜೊತೆಗೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ವರ್ಮಾಂಟ್ ಪ್ರತಿನಿಧಿಯಾಗಿದ್ದ ಲೇಹಿ 2022ರಲ್ಲಿ ಮತ್ತೆ ಸ್ಪರ್ಧಿಸದೆ ಆ ಸ್ಥಾನ ಬಿಟ್ಟುಕೊಟ್ಟಿದ್ದರು. ಡೆಮಾಕ್ರಟಿಕ್ ಪಕ್ಷದ ಹೆಸರುವಾಸಿಗಳೆಲ್ಲ ವಾಷಿಂಗ್ಟನ್ ಕಡೆಗೆ ಮುಖ ಮಾಡಿದ್ದರು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹಾಗೆಂದು ಪಕ್ಷದ ಬಲವನ್ನು ಬದಿಗಿಡುವಂತೆಯೂ ಇಲ್ಲ. ಅದೇ ವರ್ಷ ರಿಪಬ್ಲಿಕನ್ ಪಕ್ಷದ ಭದ್ರಕೋಟೆಯಾದ ಒಕ್ಲಹೋಮಾದಲ್ಲಿ ಕೆಲವು ಸಮೀಕ್ಷೆಗಳು ತುರುಸಿನ ಪೈಪೋಟಿ ತೋರಿಸಿದ್ದವು. ಕೊನೆಗೆ ಅದೇ ಪಕ್ಷದ ಕೆವಿನ್ ಸ್ಟಿಟ್ 13ಕ್ಕೂ ಹೆಚ್ಚು ಅಂಶಗಳಿಂದ ಗೆದ್ದರು.

ಆಮೇಲೆ ಹಳೆಯ ಚುನಾವಣೆಗಳನ್ನು ಒಂದೊಂದಾಗಿ ಬಿಡಿಸಿದೆ. ನನಗೆ ಹೆಚ್ಚು ಕಲಿಸಿದ್ದು 2014ರ ನೆವಾಡ. ಅಲ್ಲಿನ ಮತಪತ್ರದಲ್ಲಿ ನಮ್ಮ ನೋಟಾದಂಥ ಆಯ್ಕೆ ದಶಕಗಳಿಂದ ಇದೆ. ಆ ವರ್ಷ ಜೂನ್‌ನಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಯನ್ನು ಆರಿಸಲು ನಡೆದ ಒಳಚುನಾವಣೆಯಲ್ಲಿ ಅದಕ್ಕೇ ಸುಮಾರು ಶೇ 30, ಅಂದರೆ ಎಲ್ಲರಿಗಿಂತ ಹೆಚ್ಚು ಮತ ಬಿತ್ತು, ಎರಡನೆಯವರು ಅಭ್ಯರ್ಥಿಯಾದರು. ಒಬಾಮ ಎರಡು ಬಾರಿ ಗೆದ್ದಿದ್ದ ರಾಜ್ಯವದು. ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ಬ್ರಯಾನ್ ಸಂಡೋವಾಲ್ ಶೇ 70 ದಾಟಿದರು. ಸೂಚನೆ ಜೂನ್‌ನಲ್ಲೇ ಸಿಕ್ಕಿತ್ತು.

ಈಗ ನಾನು ಮೊದಲು ನೋಡುವುದು ಅಭ್ಯರ್ಥಿಗಳ ಪಟ್ಟಿಯನ್ನು, ಕಣಕ್ಕಿಳಿಯಬಹುದಾಗಿದ್ದೂ ದೂರ ಉಳಿದವರನ್ನು. ಆಮೇಲೆ ಹಿಂದಿನ ಗವರ್ನರ್ ಚುನಾವಣೆ, ಅದರ ನಂತರವೇ ಅಧ್ಯಕ್ಷೀಯ ಮತ. ಸಮೀಕ್ಷೆಯಲ್ಲಿ ‘ಇನ್ನೂ ನಿರ್ಧರಿಸಿಲ್ಲ’ ಎಂದವರನ್ನು ಮೊದಲು ಇಬ್ಬರಿಗೂ ಸಮನಾಗಿ ಹಂಚುತ್ತಿದ್ದೆ. ಈಗ ಹಿಂದಿನ ಗವರ್ನರ್ ಚುನಾವಣೆಯ ಅನುಪಾತದಲ್ಲಿ ಹಂಚುತ್ತೇನೆ. ಸೋಲುವ ಕಡೆಯ ಹಣ ಯಾವಾಗ ನಿಂತಿತು ಎಂಬುದನ್ನೂ ಗುರುತು ಹಾಕಿಕೊಳ್ಳುತ್ತೇನೆ.

2024ರಲ್ಲಿ ನಾರ್ತ್ ಕ್ಯಾರೊಲೈನಾ ಅಭ್ಯರ್ಥಿಗಾಗಿ ಜಾಹೀರಾತು ಕೊಡುವುದನ್ನು ರಿಪಬ್ಲಿಕನ್ ಗವರ್ನರ್‌ಗಳ ಸಂಘ ಸೆಪ್ಟೆಂಬರ್ ಕೊನೆಯಲ್ಲಿ ನಿಲ್ಲಿಸಿತು. ಆ ಸಂಜೆಯೇ ಅಂತರವನ್ನು ತಿದ್ದಿ ಬರೆದೆ. ಟ್ರಂಪ್ ಅಲ್ಲಿ 3 ಅಂಶಗಳಿಂದ ಗೆದ್ದರು. ಅದೇ ದಿನ ಡೆಮಾಕ್ರಟಿಕ್ ಪಕ್ಷದ ಜಾಶ್ ಸ್ಟೀನ್ ಸುಮಾರು 15 ಅಂಶಗಳಿಂದ ಗವರ್ನರ್ ಚುನಾವಣೆ ಗೆದ್ದರು. ನನ್ನ ಪುಸ್ತಕದಲ್ಲಿದ್ದದ್ದು 13.