ಕನ್ನಡ ಪಠ್ಯದ ಲೈಬ್ರರಿಗೆ ಪೈಥಾನ್ ಸೇರಿಸಿದ್ದು ಹೀಗೆ

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ತಂಡ. ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವ ಲೈಬ್ರರಿಯೊಂದನ್ನು, ಅಂದರೆ ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಕೋಡ್‌ನ ಕಟ್ಟೊಂದನ್ನು, ನೋಡಿಕೊಳ್ಳುತ್ತೇವೆ. ಒಂದು ಭಾಗ ಪದವನ್ನು ಅಕ್ಷರಗಳಾಗಿ ಬಿಡಿಸುತ್ತದೆ. ಇನ್ನೊಂದು ಪಟ್ಟಿಯನ್ನು ವರ್ಣಮಾಲೆಯ ಕ್ರಮಕ್ಕೆ ತರುತ್ತದೆ. ಮತ್ತೊಂದು, ನುಡಿ ಮತ್ತು ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸುತ್ತದೆ. ಎಲ್ಲವೂ ಸಿ ಪ್ಲಸ್ ಪ್ಲಸ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಪ್ರೆಸ್ಸಿನವರು ಪುಟ ಕಟ್ಟಲು ಬಳಸುವ ಸಾಫ್ಟ್‌ವೇರ್ ಒಳಗೆ ಕೆಲಸ ಮಾಡಲಿ ಅಂತ ಶುರುವಾದ ಲೈಬ್ರರಿ ಅದು.

ಅದನ್ನು ಪೈಥಾನ್ ಭಾಷೆಯಿಂದಲೂ ಬಳಸುವಂತೆ ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಲೈಬ್ರರಿ ಕನ್ನಡಕ್ಕೆ ಸಂಬಂಧಪಟ್ಟದ್ದು ಅಲ್ಲದಿದ್ದರೂ ಇದರಲ್ಲಿ ಮುಕ್ಕಾಲು ಪಾಲು ನಿಮಗೂ ಬೇಕಾಗುತ್ತದೆ.

ಪೈಥಾನ್ ಯಾಕೆ ಅಂದರೆ, ಕೇಳುವವರು ಇದ್ದರು. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಇದೇ ಊರಲ್ಲಿದೆ. ಮಾನಸಗಂಗೋತ್ರಿ ಇದೆ. ನಿಘಂಟು, ಪದಪಟ್ಟಿ, ಹಳೆಯ ಪುಸ್ತಕಗಳ ಸ್ಕ್ಯಾನಿಂಗ್ ಅಂತ ಕೆಲಸ ಮಾಡುವವರು ಮೈಸೂರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರಲ್ಲಿ ಕೋಡ್ ಬರೆಯುವವರು ಹೆಚ್ಚುಕಮ್ಮಿ ಎಲ್ಲರೂ ಪೈಥಾನ್ ಬಳಸುತ್ತಾರೆ. "ಸಾರ್, ಲೈಬ್ರರಿ ಚೆನ್ನಾಗಿದೆ, ಆದ್ರೆ ನಮಗೆ ಸಿ ಪ್ಲಸ್ ಪ್ಲಸ್ ಬರಲ್ಲ" ಅನ್ನುವ ಮಾತು ಮತ್ತೆ ಮತ್ತೆ ಬರುತ್ತಿತ್ತು.

ಪೈಥಾನ್‌ನಲ್ಲಿ ಈಗಾಗಲೇ ಇರುವುದು ಅವರಿಗೆ ಸಾಲುವುದಿಲ್ಲ. "ಮಂಡ್ಯ" ಅನ್ನುವ ಪದವನ್ನೇ ನೋಡಿ. ನಮ್ಮ ಕಣ್ಣಿಗೆ ಅದು ಎರಡು ಅಕ್ಷರ, ಮಂ ಮತ್ತು ಡ್ಯ. ಪೈಥಾನ್‌ಗೆ ಅದರ ಉದ್ದ ಕೇಳಿದರೆ 5 ಅನ್ನುತ್ತದೆ, ಯಾಕೆಂದರೆ ಒಳಗಿರುವ ಯೂನಿಕೋಡ್ ಸಂಕೇತಗಳು ಐದು. ಯೂನಿಕೋಡ್‌ನ ಸಾಮಾನ್ಯ ಅಕ್ಷರ ಗುಂಪಿನ ನಿಯಮ ಬಳಸಿದರೆ ಮೂರು ತುಂಡಾಗುತ್ತದೆ. ಒತ್ತಕ್ಷರ ಒಡೆಯದಂತೆ ನೋಡಿಕೊಳ್ಳುವ ನಿಯಮ 2023ರ 15.1ನೇ ಆವೃತ್ತಿಯಲ್ಲಿ ಬಂತು. ಆದರೆ ಆ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ತೆಲುಗು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ನಮ್ಮ ಬಿಡಿಸುವ ಕೋಡ್‌ಗೆ ಬೆಲೆ ಇದೆ, ಅದು ಎಲ್ಲರ ಕೈಗೂ ಸಿಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲವನ್ನೂ ಪೈಥಾನ್‌ನಲ್ಲಿ ಹೊಸದಾಗಿ ಬರೆಯೋಣ ಅನ್ನುವ ಸಲಹೆಯೂ ಬಂತು. ನಾನು ಒಪ್ಪಲಿಲ್ಲ. ಹಳೆಯ ಫಾಂಟುಗಳ ಪಟ್ಟಿಯಲ್ಲಿ ಸಾಲು ಸಾಲು ವಿನಾಯಿತಿಗಳಿವೆ. ಯಾವುದೋ ಒತ್ತು ಮುಂದೆ ಬರಬೇಕು, ಯಾವುದೋ ಅರ್ಕಾವತ್ತು ಹಿಂದಕ್ಕೆ ಹೋಗಬೇಕು. ಪ್ರೆಸ್ಸಿನವರು ತೋರಿಸಿಕೊಟ್ಟ ಒಂದೊಂದು ತೊಂದರೆಯಿಂದ ಒಂದೊಂದು ಸಾಲು ಸೇರಿದೆ. ಅದನ್ನು ಎರಡು ಕಡೆ ಇಟ್ಟರೆ ಒಂದು ಕಡೆ ಸರಿ ಮಾಡಿದ್ದು ಇನ್ನೊಂದು ಕಡೆ ಉಳಿದುಹೋಗುತ್ತದೆ. ತಿರುಳು ಒಂದೇ ಇರಬೇಕು.

ತಿರುಳು ಸಿ ಪ್ಲಸ್ ಪ್ಲಸ್‌ನಲ್ಲಿದ್ದರೂ ಹೊರಗೆ ಕಾಣುವ ಮುಖ ಸಿ ಭಾಷೆಯದು ಇರಲಿ ಅಂತ ತೀರ್ಮಾನ ಮಾಡಿದೆವು. ಸಿ ಪ್ಲಸ್ ಪ್ಲಸ್ ಫಂಕ್ಷನ್‌ಗಳ ಹೆಸರನ್ನು, ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ತನ್ನದೇ ರೀತಿಯಲ್ಲಿ ತಿರುಚಿ ಬರೆಯುತ್ತದೆ. ಒಂದು ಕಂಪೈಲರ್ ಮಾಡಿದ್ದು ಇನ್ನೊಂದಕ್ಕೆ ಹೊಂದುವ ಭರವಸೆ ಇಲ್ಲ. ಸಿ ಭಾಷೆಯ ಫಂಕ್ಷನ್‌ಗಳನ್ನಾದರೆ ಪೈಥಾನ್, ಜಾವಾ, ರಸ್ಟ್ ಯಾವುದು ಬೇಕಾದರೂ ಕರೆಯುತ್ತದೆ. ಪೈಬೈಂಡ್11 ಬಳಸಿದ್ದರೆ ಸಿ ಪ್ಲಸ್ ಪ್ಲಸ್ ಕ್ಲಾಸುಗಳನ್ನು ನೇರವಾಗಿ ಪೈಥಾನ್‌ಗೆ ಕೊಡಬಹುದಿತ್ತು, ಅದು ಒಳ್ಳೆಯ ಸಾಧನ. ಆದರೆ ಆ ಶ್ರಮವೆಲ್ಲ ಪೈಥಾನ್ ಒಂದಕ್ಕೇ ಖರ್ಚಾಗುತ್ತದೆ. ನಾಳೆ ಜಾವಾ ಕೇಳುವವರು ಬರುತ್ತಾರೆ ಅಂತ ಗೊತ್ತಿತ್ತು.

ಸಿ ಭಾಷೆಯ ಈ ಹೊರಮುಖವನ್ನು, ಅಂದರೆ ಸಿ ಪದರವನ್ನು, ಬೇಕಂತಲೇ ಚಿಕ್ಕದಾಗಿ ಇಟ್ಟೆವು. ಅದಕ್ಕೆ ಕೆಲವು ಕಟ್ಟುನಿಟ್ಟು ಹಾಕಿಕೊಂಡೆವು. ಪಠ್ಯ ಒಳಗೆ ಹೋಗುವುದು ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮದಲ್ಲಿ, ಉದ್ದದ ಸಮೇತ. ಪಠ್ಯ ಮುಗಿಯಿತು ಅಂತ ತೋರಿಸಲು ಸಿ ಭಾಷೆಯಲ್ಲಿ ಇಡುವ ಕೊನೆಯ ಸೊನ್ನೆಯನ್ನು ನಂಬಿಕೊಂಡು ಓದುವುದಿಲ್ಲ. ಲೈಬ್ರರಿ ಕೊಟ್ಟ ಮೆಮೊರಿಯನ್ನು ಲೈಬ್ರರಿಯದೇ ಫಂಕ್ಷನ್ ಕರೆದು ವಾಪಸ್ ಕೊಡಬೇಕು. ವಿಂಡೋಸ್‌ನಲ್ಲಿ ಇದು ತುಂಬ ಮುಖ್ಯ. ಅಲ್ಲಿ ಎರಡು ಡಿಎಲ್‌ಎಲ್‌ಗಳು (ವಿಂಡೋಸ್‌ನ ಲೈಬ್ರರಿ ಫೈಲುಗಳು) ಮೆಮೊರಿ ನೋಡಿಕೊಳ್ಳಲು ಬೇರೆ ಬೇರೆ ಸಿ ರನ್‌ಟೈಮ್ ಬಳಸುತ್ತಿದ್ದರೆ ಒಂದರ ಮೆಮೊರಿಯನ್ನು ಇನ್ನೊಂದು ಬಿಡಿಸಲು ಹೋದಾಗ ಪ್ರೋಗ್ರಾಂ ಬಿದ್ದುಹೋಗುತ್ತದೆ.

ಎಕ್ಸೆಪ್ಷನ್, ಅಂದರೆ ಕೋಡ್ ಓಡುವಾಗ ತಪ್ಪಾದರೆ ಎಸೆಯುವ ಸೂಚನೆ, ಅದರ ವಿಷಯದಲ್ಲಿ ಇನ್ನೂ ಬಿಗಿ. ಸಿ ಪ್ಲಸ್ ಪ್ಲಸ್ ಎಸೆದ ಎಕ್ಸೆಪ್ಷನ್ ಸಿ ಪದರವನ್ನು ದಾಟಿ ಪೈಥಾನ್ ಕಡೆಗೆ ಹೋಗಲೇಬಾರದು. ಹೋದರೆ ಏನಾಗುತ್ತದೆ ಅಂತ ಯಾರೂ ಹೇಳಲು ಆಗುವುದಿಲ್ಲ. ಅದಕ್ಕೆ ಪ್ರತಿ ಫಂಕ್ಷನ್ ಒಳಗೂ ಎಲ್ಲ ಎಕ್ಸೆಪ್ಷನ್ ಹಿಡಿದು, ಒಂದು ತಪ್ಪಿನ ಸಂಖ್ಯೆ ಮತ್ತು ಒಂದು ಸಾಲಿನ ಸಂದೇಶವಾಗಿ ಬದಲಿಸುತ್ತೇವೆ. ಪೈಥಾನ್ ಕಡೆ ಆ ಸಂಖ್ಯೆ ನೋಡಿ ಪೈಥಾನ್‌ನದೇ ಎಕ್ಸೆಪ್ಷನ್ ಎಸೆಯುತ್ತೇವೆ. ಬಳಸುವವರಿಗೆ ನಡುವೆ ಒಂದು ಪದರ ಇದೆ ಅಂತಲೇ ಗೊತ್ತಾಗಬಾರದು.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಜಾಗದ ಲೆಕ್ಕ.

ಅಕ್ಷರ ಬಿಡಿಸುವ ಫಂಕ್ಷನ್ "ಮೊದಲ ಅಕ್ಷರ ಇಲ್ಲಿಂದ ಇಲ್ಲಿಗೆ, ಎರಡನೆಯದು ಇಲ್ಲಿಂದ ಇಲ್ಲಿಗೆ" ಅಂತ ಸಂಖ್ಯೆಗಳನ್ನು ಕೊಡುತ್ತದೆ. ಆ ಸಂಖ್ಯೆ ಯಾವುದರ ಎಣಿಕೆ? ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟ್ ತೆಗೆದುಕೊಳ್ಳುತ್ತದೆ. "ಮೈಸೂರು" ಅಂದರೆ 6 ಸಂಕೇತ, 18 ಬೈಟ್. ಸಿ ಪ್ಲಸ್ ಪ್ಲಸ್‌ನಲ್ಲಿ ಎರಡನೆಯ ಅಕ್ಷರ "ಸೂ" ಶುರುವಾಗುವುದು 6ನೇ ಬೈಟ್‌ನಲ್ಲಿ. ಪೈಥಾನ್ ಎಣಿಸುವುದು ಸಂಕೇತಗಳನ್ನು, ಹಾಗಾಗಿ ಅಲ್ಲಿ ಅದೇ ಜಾಗ 2. ಬೈಟ್‌ನ ಸಂಖ್ಯೆಯನ್ನು ಹಾಗೇ ಪೈಥಾನ್‌ಗೆ ಕೊಟ್ಟರೆ ಅದು ಇಡೀ ಪದವನ್ನೇ ದಾಟಿಹೋಗುತ್ತದೆ.

ಹಾಗಾದರೆ ಮೂರರಿಂದ ಭಾಗಿಸಿದರೆ ಸಾಕಲ್ಲ ಅನ್ನಿಸಬಹುದು. ಶುದ್ಧ ಕನ್ನಡ ಪಠ್ಯಕ್ಕೆ ಸಾಕು. ಆದರೆ ನಿಜವಾದ ಪಠ್ಯದಲ್ಲಿ ಖಾಲಿ ಜಾಗ ಇರುತ್ತದೆ, ಅದು 1 ಬೈಟ್. ಇಂಗ್ಲಿಷ್ ಇರುತ್ತದೆ. ವಾಟ್ಸಾಪ್‌ನಿಂದ ತಂದ ಸಾಲಾದರೆ ಕೈ ಮುಗಿಯುವ ಇಮೋಜಿ ಇರುತ್ತದೆ, ಅದು 4 ಬೈಟ್. ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಎಣಿಕೆ, ಎರಡು ಬೈಟ್‌ನ ಘಟಕಗಳಲ್ಲಿ ಬರೆಯುವ ಯುಟಿಎಫ್-16ರ ಲೆಕ್ಕ. ಅಲ್ಲಿ ಕನ್ನಡದ ಒಂದು ಸಂಕೇತ ಒಂದೇ ಘಟಕ, ಆ ಇಮೋಜಿ ಮಾತ್ರ ಎರಡು.

ನಾವು ಹೀಗೆ ಮಾಡಿದೆವು. ತಿರುಳು ಯಾವಾಗಲೂ ಬೈಟ್ ಲೆಕ್ಕದಲ್ಲೇ ಉತ್ತರ ಕೊಡುತ್ತದೆ. ಅದನ್ನು ಆಯಾ ಭಾಷೆಯ ಎಣಿಕೆಗೆ ಬದಲಿಸುವುದು ಆಯಾ ಭಾಷೆಯ ಪದರದ ಹೊಣೆ. ಬದಲಿಸುವಾಗ ಪ್ರತಿ ಸಂಖ್ಯೆಗೂ ಪಠ್ಯದ ಮೊದಲಿನಿಂದ ಎಣಿಸಬಾರದು. ಪಠ್ಯ ಉದ್ದವಾದಷ್ಟೂ ಅದು ವಿಪರೀತ ನಿಧಾನ. ಜಾಗಗಳು ಏರುವ ಕ್ರಮದಲ್ಲೇ ಬರುವುದರಿಂದ ಒಂದೇ ಸಲ ಮುಂದೆ ಸಾಗುತ್ತಾ ಎಲ್ಲವನ್ನೂ ಬದಲಿಸಿಬಿಡಬಹುದು.

ಇನ್ನೊಂದು ಸೂಕ್ಷ್ಮ ಇದೆ. "ಮೈಸೂರು" ಪದದ ಐತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಅದರ ಕೆಳಗಿನ ಗುರುತು ಅಂತ ಎರಡಾಗಿಯೂ ಬರೆಯಬಹುದು. ಎರಡೂ ಸರಿ, ನೋಡಲು ಒಂದೇ. ಆದರೆ ಎರಡನೆಯದರಲ್ಲಿ ಸಂಕೇತಗಳು 7, ಬೈಟ್‌ಗಳು 21. ತಿರುಳು ಒಳಗೊಳಗೇ ಒಂದು ರೂಪವನ್ನು ಇನ್ನೊಂದಕ್ಕೆ ಬದಲಿಸಿಕೊಂಡು ಆಮೇಲೆ ಜಾಗ ಹೇಳಿದರೆ, ಬಳಸುವವರ ಕೈಯಲ್ಲಿರುವ ಪಠ್ಯಕ್ಕೂ ಆ ಸಂಖ್ಯೆಗೂ ಸಂಬಂಧವೇ ಇರುವುದಿಲ್ಲ. ಅದಕ್ಕೆ ಕೊಟ್ಟ ಪಠ್ಯವನ್ನು ಮುಟ್ಟದೆ, ಎರಡೂ ರೂಪಗಳನ್ನು ಇದ್ದ ಹಾಗೇ ಓದುತ್ತೇವೆ. ಈ ನಿಯಮ ಮೊದಲಿಂದಲೂ ಇತ್ತು, ಬರೆದು ಇಟ್ಟಿರಲಿಲ್ಲ ಅಷ್ಟೆ. ಈಗ ಸಿ ಪದರದ ಹೆಡರ್ ಫೈಲಿನಲ್ಲೇ ಬರೆದಿದ್ದೇವೆ. ಇದರಿಂದ ಹಳೆಯ ಸಿ ಪ್ಲಸ್ ಪ್ಲಸ್ ಬಳಕೆದಾರರಿಗೂ ಅನುಕೂಲವಾಯಿತು.

ಪೈಥಾನ್ ಕಡೆಯ ಜೋಡಣೆಗೆ, ಸಿ ಫಂಕ್ಷನ್‌ಗಳನ್ನು ಕರೆಯಲು ನೆರವಾಗುವ ಸಿಎಫ್‌ಎಫ್‌ಐ ಬಳಸಿದೆವು. ಪೈಥಾನ್ ಜೊತೆಗೇ ಬರುವ ಸಿಟೈಪ್ಸ್ ಕೂಡ ಸಾಕಾಗುತ್ತಿತ್ತು. ಆದರೆ ಸಿಟೈಪ್ಸ್‌ನಲ್ಲಿ ಫಂಕ್ಷನ್‌ನ ಆಕಾರವನ್ನು ನಾವು ತಪ್ಪಾಗಿ ಬರೆದರೆ ಹೇಳುವವರು ಯಾರೂ ಇಲ್ಲ. ಸಿಎಫ್‌ಎಫ್‌ಐಯನ್ನು ಕಂಪೈಲ್ ಮಾಡುವ ವಿಧಾನದಲ್ಲಿ ಬಳಸಿದರೆ ಕಂಪೈಲರೇ ಹಿಡಿದು ತೋರಿಸುತ್ತದೆ. ಸಿ ಫಂಕ್ಷನ್ ಓಡುವಾಗ ಪೈಥಾನ್‌ನ ಜಿಐಎಲ್ ಬೀಗವನ್ನೂ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ನೋಡಿಕೊಳ್ಳುವುದು) ಅದು ಬಿಟ್ಟುಕೊಡುತ್ತದೆ. ಹಾಗಾಗಿ ಬೇರೆ ಥ್ರೆಡ್‌ಗಳು ಕಾಯುತ್ತಾ ನಿಲ್ಲುವುದಿಲ್ಲ.

ಇಷ್ಟು ಆದಾಗ ಪೈಥಾನ್‌ನಿಂದ ಎಲ್ಲ ಫಂಕ್ಷನ್‌ಗಳೂ ಕರೆಯಲು ಸಿಗುತ್ತಿದ್ದವು. ಮಂಡ್ಯದಿಂದ ದಿನಾ ರೈಲಿನಲ್ಲಿ ಬರುವ ಸಹೋದ್ಯೋಗಿಯೊಬ್ಬಳು ನಮ್ಮಲ್ಲಿದ್ದಾಳೆ. ಅವಳು ಕಲಿತದ್ದೇ ಪೈಥಾನ್‌ನಿಂದ. ಅವಳಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಸಾರ್, ಇದು ಸಿ ಪ್ಲಸ್ ಪ್ಲಸ್‌ಗೆ ಪೈಥಾನ್ ಅಂಗಿ ಹಾಕ್ದಂಗದೆ" ಅಂದಳು.

"ಏನು ಬೇಕು ಹೇಳಮ್ಮ" ಅಂದೆ.

"ವಿಂಗಡಣೆ ನೋಡಿ. ಎರಡು ಪದ ಕೊಟ್ರೆ ಯಾವ್ದು ಮುಂದೆ ಅಂತ ಹೇಳ್ತದೆ. ನಮಗೆ ಅದು ಬೇಡ ಸಾರ್. ಸಾರ್ಟೆಡ್‌ಗೆ ಕೀ ಕೊಡಂಗಿರಬೇಕು."

ಅವಳು ಹೇಳಿದ್ದು ಪೂರ್ತಿ ಸರಿ. ಸಿ ಪ್ಲಸ್ ಪ್ಲಸ್‌ನಲ್ಲಿ ಪಟ್ಟಿ ಜೋಡಿಸಲು ಎರಡನ್ನು ಹೋಲಿಸುವ ಫಂಕ್ಷನ್ ಕೊಡುವುದು ವಾಡಿಕೆ. ಪಟ್ಟಿ ಜೋಡಿಸುವ ಸಾರ್ಟೆಡ್ ಫಂಕ್ಷನ್‌ಗೆ ಪೈಥಾನ್ 3ರಲ್ಲಿ ಆ ದಾರಿಯನ್ನು ತೆಗೆದು, ಪ್ರತಿ ವಸ್ತುವಿಗೂ ಒಂದು ಕೀ ಕೊಡುವ ದಾರಿ ಉಳಿಸಿದ್ದಾರೆ. ಅದಕ್ಕೆ ತಿರುಳಿಗೇ ಹೊಸ ಫಂಕ್ಷನ್ ಸೇರಿಸಿದೆವು. ಪದ ಕೊಟ್ಟರೆ ಬೈಟ್‌ಗಳ ಸಾಲೊಂದನ್ನು ಕೊಡುತ್ತದೆ. ಆ ಬೈಟ್‌ಗಳನ್ನು ಸುಮ್ನೆ ಹೋಲಿಸಿದರೆ ವರ್ಣಮಾಲೆಯ ಕ್ರಮ ಬರುತ್ತದೆ.

ಇದರ ಅಗತ್ಯ ಎಷ್ಟು ಅಂತ ತಿಳಿಯಲು ಒಂದು ಉದಾಹರಣೆ ಸಾಕು. ಯೂನಿಕೋಡ್ ಪಟ್ಟಿಯಲ್ಲಿ ಳ ಇರುವುದು ಲ ಆದ ಮೇಲೆ, ವ ಬರುವುದಕ್ಕೆ ಮುಂಚೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಊರುಗಳ ಪಟ್ಟಿಯನ್ನು ಪೈಥಾನ್ ತನ್ನಷ್ಟಕ್ಕೆ ಜೋಡಿಸಿದರೆ ಮಳವಳ್ಳಿ ಮುಂದೆ, ಮಹದೇವಪುರ ಹಿಂದೆ. ನಿಘಂಟು ನೋಡುವವರು ಮಹದೇವಪುರವನ್ನು ಮೊದಲು ಹುಡುಕುತ್ತಾರೆ, ಅಲ್ವಾ? ಈ ಕೀಯನ್ನು ಡೇಟಾಬೇಸ್‌ನಲ್ಲಿ ಒಂದು ಕಾಲಂ ಆಗಿ ಇಟ್ಟುಕೊಂಡರೆ ಅಲ್ಲಿಯೂ ಅದೇ ಕ್ರಮ ಸಿಗುತ್ತದೆ.

ಆಮೇಲೆ ಪೈಥಾನ್ ಪದರದ ರೂಪವನ್ನೆಲ್ಲ ಅವಳಿಗೇ ಒಪ್ಪಿಸಿದೆ. ಅಕ್ಷರಗಳನ್ನು ಫಾರ್ ಲೂಪಿನಲ್ಲಿ ಒಂದೊಂದಾಗಿ ಪಡೆಯುವುದು, ವಿತ್ ಬ್ಲಾಕ್ ಮುಗಿದ ಕೂಡಲೇ ಮೆಮೊರಿ ವಾಪಸ್ ಹೋಗುವುದು, ಎಡಿಟರ್‌ಗೆ ಬೇಕಾದ ಟೈಪ್ ವಿವರಗಳು, ಎಲ್ಲ ಅವಳ ಕೆಲಸ. ಪಠ್ಯಗಳ ಇಡೀ ಪಟ್ಟಿಯನ್ನು ಒಂದೇ ಕರೆಯಲ್ಲಿ ಕೊಡುವ ಫಂಕ್ಷನ್‌ಗಳನ್ನೂ ಸೇರಿಸಿದಳು. ಒಂದೊಂದೇ ಪದಕ್ಕೆ ಗಡಿ ದಾಟುತ್ತಾ ಇದ್ದರೆ ಸಿ ಪ್ಲಸ್ ಪ್ಲಸ್‌ನ ವೇಗವೆಲ್ಲ ದಾಟುವುದರಲ್ಲೇ ಹೋಗುತ್ತದೆ. ಹೊಸ ಭಾಷೆಯ ಪದರವನ್ನು ಆ ಭಾಷೆಯಲ್ಲೇ ದಿನಾ ಬರೆಯುವವರು ಮಾಡಬೇಕು ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ತಿರುಳು ಬರೆದವರ ಕಣ್ಣಿಗೆ ಕಾಣದ್ದು ಅವರಿಗೆ ಕೂಡಲೇ ಕಾಣುತ್ತದೆ.

ಫಾಂಟ್ ಬದಲಿಸುವ ಭಾಗದಲ್ಲಿ ಅವಳು ಒಂದು ಹಟ ಹಿಡಿದಳು, ಒಳ್ಳೆಯದೇ ಆಯಿತು. ಹಳೆಯ ಪಠ್ಯ ಎರಡು ದಾರಿಯಿಂದ ಬರುತ್ತದೆ. ಫೈಲಿನಿಂದ ಓದಿದರೆ ಬೈಟ್‌ಗಳು. ವರ್ಡ್‌ನಿಂದ ಕಾಪಿ ಮಾಡಿದರೆ, ಲ್ಯಾಟಿನ್ ಅಕ್ಷರಗಳ ಸ್ಟ್ರಿಂಗ್. 128ರಿಂದ 159ರವರೆಗಿನ ಬೈಟ್‌ಗಳನ್ನು ಲ್ಯಾಟಿನ್-1 ಅಂತ ಓದಿದರೆ ಒಂದು ಥರ, ವಿಂಡೋಸ್-1252 ಅಂತ ಓದಿದರೆ ಇನ್ನೊಂದು ಥರ. ಒಂದೇ ಫಂಕ್ಷನ್ ಎರಡನ್ನೂ ಊಹೆ ಮಾಡುವುದು ಬೇಡ, ಬೇರೆ ಬೇರೆ ಹೆಸರಿನ ಎರಡು ಫಂಕ್ಷನ್ ಇರಲಿ ಅಂದಳು. ಹಾಗೇ ಇಟ್ಟೆವು.

ಹಂಚುವ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಮೊದಲೇ ಕಂಪೈಲ್ ಮಾಡಿದ ವೀಲ್, ಅಂದರೆ ಹಾಗೇ ಹಾಕಿಕೊಳ್ಳಬಹುದಾದ ಪೈಥಾನ್ ಪ್ಯಾಕೇಜ್, ಕೊಡಿ. ಪದಪಟ್ಟಿ ಮಾಡುವವರ ಹತ್ತಿರ ಕಂಪೈಲರ್ ಇರುವುದಿಲ್ಲ, ಪ್ಯಾಕೇಜ್ ಹಾಕಿಕೊಡುವ ಪಿಪ್ ಒಂದೇ ಸಾಲಿನಲ್ಲಿ ಕೆಲಸ ಮುಗಿಸಬೇಕು. ಸಿಬಿಲ್ಡ್‌ವೀಲ್ ಅನ್ನುವ ಸಾಧನ ಇದನ್ನೆಲ್ಲ ಮಾಡಿಕೊಡುತ್ತದೆ. ಪೈಥಾನ್‌ನ ಸ್ಥಿರ ಎಬಿಐಗೆ (ಆವೃತ್ತಿ ಬದಲಾದರೂ ಹಾಗೇ ಉಳಿಯುವ ಜೋಡಣೆಯ ರೂಪ) ಕಟ್ಟಿದರೆ ಪ್ರತಿ ಹೊಸ ಪೈಥಾನ್ ಆವೃತ್ತಿಗೂ ಬೇರೆ ವೀಲ್ ಬೇಕಾಗುವುದಿಲ್ಲ.

ಪರೀಕ್ಷೆಗಳನ್ನು ಯಾವ ಭಾಷೆಯ ಕೋಡ್ ಒಳಗೂ ಬರೆಯಲಿಲ್ಲ. ಸಾದಾ ಪಠ್ಯದ ಫೈಲಿನಲ್ಲಿ ಇಟ್ಟೆವು. ಯೂನಿಕೋಡ್‌ನವರು ತಮ್ಮ ನಿಯಮಗಳ ಪರೀಕ್ಷೆಯನ್ನು ಪ್ರಕಟಿಸುವುದೂ ಇದೇ ರೀತಿ. ಒಂದು ಸಾಲಿನಲ್ಲಿ ಪದ, ಅದರ ಅಕ್ಷರಗಳು, ಮೂರು ಎಣಿಕೆಯಲ್ಲೂ ಜಾಗಗಳು. ಅರ್ಕಾವತ್ತು ಇರುವ ಪದಗಳು, ರ‍್ಯಾಂಕ್ ಅಂತ ಬರೆಯಲು ನಡುವೆ ಸೇರಿಸುವ ಕಾಣದ ಸಂಕೇತ, ಎರಡು ರೂಪದ ಐತ್ವ, ಇಮೋಜಿ ಬೆರೆತ ಸಾಲು, ಎಲ್ಲವೂ ಅದರಲ್ಲಿವೆ. ಸಿ ಪ್ಲಸ್ ಪ್ಲಸ್ ಆ ಫೈಲನ್ನು ಓದುತ್ತದೆ, ಪೈಥಾನ್ ಕೂಡ ಅದನ್ನೇ ಓದುತ್ತದೆ. ಬಳಕೆದಾರರು ಹೊಸ ತೊಂದರೆ ಹೇಳಿದರೆ ಮೊದಲು ಅಲ್ಲಿ ಒಂದು ಸಾಲು ಸೇರುತ್ತದೆ, ಆಮೇಲೆ ಕೋಡ್.

ಈಗ ಜಾವಾ ಕೆಲಸ ನಡೆಯುತ್ತಿದೆ. ಸಿ ಪದರದಲ್ಲಿ ಏನನ್ನೂ ಬದಲಿಸಬೇಕಾಗಿ ಬಂದಿಲ್ಲ. 2024ರಲ್ಲಿ ಬಂದ ಜಾವಾ 22ರಲ್ಲಿ ಹೊರಗಿನ ಫಂಕ್ಷನ್ ಕರೆಯುವ ಹೊಸ ಸೌಲಭ್ಯ ಪಕ್ಕಾ ಆಗಿದೆ. ಆದರೆ ನಮ್ಮನ್ನು ಕೇಳಿದವರು ಹಳೆಯ ಜಾವಾ ಮೇಲಿದ್ದಾರೆ, ಆದ್ದರಿಂದ ಹೊರಗಿನ ಕೋಡ್ ಕರೆಯುವ ಹಳೆಯ ಸೌಲಭ್ಯವಾದ ಜೆಎನ್‌ಐ ದಾರಿ. ಜೆಎನ್‌ಐ ಕೊಡುವ ಯುಟಿಎಫ್-8 ಮಾಮೂಲಿಯದಲ್ಲ, ಅದರಲ್ಲಿ ಇಮೋಜಿಗೆ 4ರ ಬದಲು 6 ಬೈಟ್. ಅದನ್ನು ತಿರುಳಿಗೆ ಕಳಿಸುವಂತಿಲ್ಲ. ಯುಟಿಎಫ್-16 ಆಗಿಯೇ ತೆಗೆದುಕೊಂಡು ನಾವೇ ಬದಲಿಸುತ್ತಿದ್ದೇವೆ. ಅಕ್ಷರ ಬಿಡಿಸುವುದು ಮತ್ತು ವಿಂಗಡಣೆ ಅದೇ ಪರೀಕ್ಷಾ ಫೈಲಿನಲ್ಲಿ ಪಾಸಾಗಿವೆ, ಫಾಂಟ್ ಬದಲಿಸುವ ಭಾಗ ಬಾಕಿ ಇದೆ.